ಕೋರ್ಟು ಏಳುವವರೆಗೆ

ಅಣ್ಣ ಸಿಕ್ಕಿಬಿದ್ದ ಸುದ್ದಿ ನನಗೆ ತಿಳಿದದ್ದು ಅತ್ತಿಗೆಯ ಫೋನಿನಿಂದ. ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಹರಿಹರದ ಕೋರ್ಟಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ವಕೀಲೆ ನಾನು. ಆ ಮಧ್ಯಾಹ್ನ ಒಂದು ಪಾಟೀಸವಾಲು ಮುಗಿಸಿ, ಗಂಟಲು ಒಣಗಿ, ಹೊರಗೆ ಬೆಂಚಿನ ಮೇಲೆ ಟೀ ಹೇಳಿ ಕೂತಿದ್ದೆ.

"ನಿಮ್ಮಣ್ಣನ್ನ ಪೊಲೀಸ್ರು ಹಿಡಿದಾರೆ. ಗಾಡಿನೂ ಸ್ಟೇಷನ್ನಿಗೆ ತಂದಾರೆ. ಸ್ವಲ್ಪ ಬರ್ತೀರೇನ್ರಿ?" ಅಂದಳು ಅತ್ತಿಗೆ. ದನಿಯಲ್ಲಿ ಗಾಬರಿ ಇರಲಿಲ್ಲ. ಆಗ ಅದು ನನಗೆ ವಿಚಿತ್ರ ಅನ್ನಿಸಲಿಲ್ಲ.

ಅಣ್ಣ ಹರಿಹರದಲ್ಲೇ ಇದ್ದಾನೆ. ಲಗೇಜ್ ಆಟೋ ಓಡಿಸುತ್ತಾನೆ. ಮಂಡಕ್ಕಿ ಚೀಲ ಹೇರಿಕೊಂಡು ಹಳ್ಳಿಗಳ ಅಂಗಡಿಗಳಿಗೆ ಹಾಕಿ ಬರುವುದು ಅವನ ಕೆಲಸ. ಅವತ್ತು ಕಡರನಾಯಕನಹಳ್ಳಿಯಲ್ಲಿ ಅತ್ತಿಗೆಯ ಕಡೆಯವರ ಮನೆಯಲ್ಲಿ ಬೀಗರೂಟವಿತ್ತು. ಚೀಲ ಇಳಿಸಿ, ಉಂಡು ಬರೋಣವೆಂದು ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೋಗಿದ್ದ. ಊಟದ ಜೊತೆಗೆ ಕುಡಿತವೂ ಆಗಿತ್ತು. ವಾಪಸು ಬರುವಾಗ ಊರು ಇನ್ನೇನು ಬಂತು ಅನ್ನುವಷ್ಟರಲ್ಲಿ ಪೊಲೀಸರು ಕೈ ಅಡ್ಡ ಮಾಡಿ, ಬಾಯಿಗೆ ಮಷೀನು ಹಿಡಿದಿದ್ದರು.

ಸ್ಟೇಷನ್ನಿನಲ್ಲಿ ಅವನು ಗೋಡೆಗೆ ಒರಗಿ ನಿಂತಿದ್ದ. ನನ್ನನ್ನು ಕಂಡವನೇ, "ಸ್ವಲ್ಪ ತಗಂಡಿದ್ದೆ ಅಷ್ಟೇ. ಗಾಡಿ ನೆಟ್ಟಗೇ ಹೊಡಕಂಡು ಬಂದೀನಿ. ಬೇಕಾದ್ರೆ ನಿಮ್ಮತ್ತಿಗೆನ ಕೇಳು" ಅಂದ. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಆಚೆ ನೋಡಿದಳು. ಇದು ಜಾಮೀನು ಸಿಗುವ ಅಪರಾಧವೇ. ಕಾಗದಕ್ಕೆ ಸಹಿ ಹಾಕಿಸಿ ಅವನನ್ನು ಮನೆಗೆ ಕಳಿಸಿದೆ. ಗಾಡಿ ಮಾತ್ರ ಅಲ್ಲೇ ಉಳಿಯಿತು.

ಇಂಥ ಕೇಸು ಎಷ್ಟು ನಡೆಸಿದ್ದೇನೋ ಲೆಕ್ಕವಿಲ್ಲ. ಸ್ವಲ್ಪವೇ ತಗೊಂಡಿದ್ದೆ ಅನ್ನುವವರು, ಕೆಮ್ಮಿನ ಔಷಧಿ ಅನ್ನುವವರು, ಪಕ್ಕದಲ್ಲಿ ಕೂತವನು ಕುಡಿದಿದ್ದ, ನನಗೆ ವಾಸನೆ ತಾಗಿದೆ ಅನ್ನುವವರು. ಎಲ್ಲರಿಗೂ ಅದೇ ಮಾತು ಹೇಳುತ್ತೇನೆ. ಗಾಡಿ ನೆಟ್ಟಗೆ ಓಡಿಸಿದಿರೋ ಇಲ್ಲವೋ ಕಾನೂನು ಕೇಳುವುದಿಲ್ಲ. ರಕ್ತದಲ್ಲಿ ಮಿತಿ ಮೀರಿ ಮದ್ಯವಿದ್ದರೆ ಅಪರಾಧವಾಯಿತು. ಮೊದಲ ಸಲವಾದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮತ್ತೊಮ್ಮೆ ಸಿಕ್ಕರೆ ಜೈಲು ಎರಡು ವರ್ಷದವರೆಗೂ ಹೋಗಬಹುದು. ಸಾಮಾನ್ಯವಾಗಿ ಮೊದಲ ಸಲ ದಂಡದಲ್ಲೇ ಮುಗಿಯುತ್ತದೆ. ಆದರೆ ಲೈಸೆನ್ಸು ಅಮಾನತಾಗುತ್ತದೆ. ಗಾಡಿಯನ್ನೇ ನಂಬಿ ಬದುಕುವವರಿಗೆ ಜೈಲಿಗಿಂತ ಅದರದೇ ಭಯ. ಹೇಳಿ ಹೇಳಿ ನನ್ನ ಬಾಯಿಗೆ ಅದೆಲ್ಲ ಪಾಠವಾಗಿಬಿಟ್ಟಿತ್ತು. ಅಣ್ಣನಿಗೂ ಅದೇ ಪಾಠ ಒಪ್ಪಿಸುವಾಗ ನನ್ನ ದನಿ ನನಗೇ ಬೇಸರ ತರಿಸಿತು.

ಚಾರ್ಜ್‌ಶೀಟಿನ ನಕಲು ಸಿಕ್ಕಿದ ಮೇಲೆ ಓದಿದೆ. ಪೊಲೀಸರ ಕೆಲಸ ಸಡಿಲವಾಗಿತ್ತು. ಮಷೀನಿನಿಂದ ಬಂದ ಚೀಟಿಯಲ್ಲಿ ಅಣ್ಣನ ಸಹಿ ಇರಲಿಲ್ಲ. ಮಷೀನು ಸರಿಯಿದೆ ಎಂದು ತೋರಿಸುವ ಪ್ರಮಾಣಪತ್ರ ಇರಲಿಲ್ಲ. ಆಸ್ಪತ್ರೆಗೆ ಕರೆದೊಯ್ದು ರಕ್ತ ತೆಗೆಸಿಯೂ ಇರಲಿಲ್ಲ. ಇಷ್ಟು ಹಿಡಿದುಕೊಂಡು ಸಾಕ್ಷಿಗಳನ್ನು ಕೇಳುತ್ತ ಹೋದರೆ ಕೇಸು ಬೀಳುವ ಸಾಧ್ಯತೆ ಚೆನ್ನಾಗಿಯೇ ಇತ್ತು.

ಭಾನುವಾರ ಅವನ ಮನೆಗೆ ಹೋಗಿ ಹೇಳಿದೆ. ಅಣ್ಣನ ಮುಖ ಅರಳಿತು. "ನೋಡಿದ್ಯಾ, ಮನ್ಯಾಗೆ ಲಾಯರ್ ಇದ್ರೆ ಹೆಂಗೆ!" ಅಂತ ಅತ್ತಿಗೆಗೆ ಕೂಗಿ ಹೇಳಿದ. ಅತ್ತಿಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನೀರು ಕುಡಿಯಲು ಒಳಗೆ ಹೋದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ನನ್ನ ಮೊಣಕೈ ಹಿಡಿದಳು.

"ಬಿಡಿಸಬ್ಯಾಡ್ರಿ."

ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಎಂದು ಅವಳ ಮುಖ ನೋಡಿದೆ.

"ಕಾಲುವೆ ಏರಿ ಮ್ಯಾಲೆ ಗಾಡಿ ಜಾರಿತ್ರಿ. ಒಂದು ಗಾಲಿ ದಂಡೆ ದಾಟಿತ್ತು. ಕೆಳಗೆ ತುಂಬಿದ ನೀರು. ನಾನು ಚೀರಿದ್ದು ನಿಮ್ಮಣ್ಣಗೆ ಕೇಳಿಸ್ಲೇ ಇಲ್ಲ, ಹಾಡು ಹೇಳ್ಕಂತ ತಿರುಗಿಸ್ಕಂಡ್ರು. ಅದು ಹೆಂಗೆ ಉಳಿದ್ವೋ. ಮುಂದೆ ಪೊಲೀಸ್ರು ಕೈ ಮಾಡಿದಾಗ ನನಗೆ ದೇವರು ಕಂಡಂಗಾತು." ನನ್ನ ಮೊಣಕೈ ಬಿಟ್ಟು, "ಈ ಸಲ ಗೆದ್ರು ಅಂದ್ರೆ ಇವ್ರನ್ನ ಇನ್ಯಾರು ಹಿಡೀತಾರ್ರಿ?" ಅಂದಳು.

"ಅಣ್ಣಗೆ ಹೇಳೀರೇನು?"

"ಹೇಳಿದ್ರೆ ನಂಬಲ್ಲ."

ನಾನು ಅಣ್ಣನ ವಕೀಲೆ. ಅವನಿಗೆ ತಿಳಿಯದಂತೆ ಕೇಸು ಸೋಲುವುದು ನನ್ನಿಂದ ಆಗದ ಕೆಲಸ. ಹಾಗೆಂದು ಅತ್ತಿಗೆಗೆ ಹೇಳಿದೆ. ಆದರೆ ಕೇಳಿದ್ದನ್ನು ನುಂಗಿಕೊಂಡು ಎದ್ದು ಬರುವುದೂ ಆಗಲಿಲ್ಲ. ಅವಳನ್ನು ಕರೆದುಕೊಂಡೇ ಹೊರಗೆ ಬಂದು ಅಣ್ಣನ ಎದುರು ಕೂತೆ.

"ಅವತ್ತು ಕಾಲುವೆ ಏರಿ ಮ್ಯಾಲೆ ಏನಾತು ಹೇಳಣ್ಣ."

"ಯಾವ ಕಾಲುವೆ? ನಾವು ಡಾಂಬರು ರಸ್ತ್ಯಾಗೇ ಬಂದ್ವಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವವರ ಮುಖ ನನಗೆ ಗೊತ್ತು, ಅದೇ ನನ್ನ ಅನ್ನ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಅತ್ತಿಗೆ ಎಲ್ಲವನ್ನೂ ಅವನ ಮುಂದೆ ಇನ್ನೊಮ್ಮೆ ಹೇಳಿದಳು. ಅವನು ಮೊದಲು ನಕ್ಕ, ಆಮೇಲೆ ರೇಗಿದ. "ನೀವಿಬ್ರೂ ಕೂಡ್ಕಂಡು ನನಗೆ ಬುದ್ಧಿ ಹೇಳಾಕೆ ಬಂದೀರೇನು?" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ. ನಾನು ಊಟ ಮಾಡದೆ ಬಸ್ಸು ಹಿಡಿದೆ.

ವಿಚಾರಣೆಯ ದಿನ ಬೆಳಿಗ್ಗೆ ಅವನು ಕೋರ್ಟಿನ ಮೆಟ್ಟಿಲ ಹತ್ತಿರ ಒಗೆದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ. "ಒಪ್ಕಂಬಿಡ್ತೀನಿ. ಇವತ್ತೇ ಮುಗಿಸಿಬಿಡು" ಅಂದ. ಯಾಕೆಂದು ಕೇಳಿದರೆ ಹೇಳಲಿಲ್ಲ. ಲೈಸೆನ್ಸು ಹೋಗುತ್ತದೆ, ಶಿಕ್ಷೆ ದಾಖಲೆಯಲ್ಲಿ ಉಳಿಯುತ್ತದೆ, ಇನ್ನೊಮ್ಮೆ ಸಿಕ್ಕರೆ ಇದೇ ಮುಳುವಾಗುತ್ತದೆ ಎಂದೆಲ್ಲ ಬಿಡಿಸಿ ಹೇಳಿದೆ. ಎಲ್ಲಕ್ಕೂ ತಲೆಯಾಡಿಸಿದ.

ಮ್ಯಾಜಿಸ್ಟ್ರೇಟರು ಆರೋಪ ಓದಿ, ಒಪ್ಪುತ್ತೀರಾ ಎಂದು ಕೇಳಿದರು. "ಹೌದ್ರಿ ಸ್ವಾಮಿ, ಕುಡಿದು ಹೊಡೆದಿದ್ದೆ" ಅಂದ. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದರು. ಇಲ್ಲ ಅಂದ. ದಂಡ ಹಾಕಿ, ಲೈಸೆನ್ಸಿನ ಬಗ್ಗೆ ಸಾರಿಗೆ ಕಚೇರಿಗೆ ಬರೆಯಲು ಹೇಳಿ, ಕೋರ್ಟು ಏಳುವವರೆಗೆ, ಅಂದರೆ ಸಂಜೆ ಕಲಾಪ ಮುಗಿಯುವವರೆಗೆ, ಇಲ್ಲೇ ಕೂತಿರಬೇಕು ಎಂದು ಶಿಕ್ಷೆ ಕೊಟ್ಟರು.

ಅದು ನೋಡುವುದಕ್ಕೆ ಶಿಕ್ಷೆಯಂತೆಯೇ ಕಾಣುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುವುದು, ಅಷ್ಟೇ. ಫ್ಯಾನು ತಿರುಗುತ್ತಿರುತ್ತದೆ, ಹೆಸರು ಕೂಗುತ್ತಿರುತ್ತಾರೆ, ಚೆಕ್ ಬೌನ್ಸು, ಜಮೀನಿನ ಜಗಳ, ಜೀವನಾಂಶ, ಒಬ್ಬರ ಹಿಂದೆ ಒಬ್ಬರು ಬಂದು ಕೈಕಟ್ಟಿ ನಿಂತು ಹೋಗುತ್ತಾರೆ. ನನ್ನ ಕೇಸುಗಳು ಮುಗಿದ ಮೇಲೆ ನಾನೂ ಹೋಗಿ ಅವನ ಪಕ್ಕ ಕೂತೆ. ಚಿಕ್ಕವರಿದ್ದಾಗ ಬಿಟ್ಟರೆ ನಾವಿಬ್ಬರೂ ಅಷ್ಟು ಹೊತ್ತು ಜೊತೆಗೆ ಕೂತದ್ದು ನೆನಪಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಕೋಣೆ ಖಾಲಿಯಾದಾಗ ಅವನು ತಾನಾಗೇ ಬಾಯಿ ಬಿಟ್ಟ. ಅತ್ತಿಗೆಯ ಮಾತು ಸುಳ್ಳೆಂದು ಸಾಧಿಸುವುದಕ್ಕೇ, ಸ್ಟೇಷನ್ನಿನಿಂದ ಬಿಡಿಸಿಕೊಂಡಿದ್ದ ಗಾಡಿ ತೆಗೆದುಕೊಂಡು ಆ ಕಾಲುವೆಗೆ ಹೋಗಿದ್ದನಂತೆ. ದಂಡೆಯಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು.

"ನಾನಿನ್ನೂ ದೂರ ಇದ್ದೆ. ಗಾಡಿ ನೋಡಿದ್ದೇ ಒಗೆಯೋ ಬಟ್ಟೆ ಅಲ್ಲೇ ಬಿಟ್ಲು. ಮಗೀನ ಎತ್ಕಂಡು ಹೊಲದೊಳಗೆ ಓಡಿಬಿಟ್ಲು, ನೋಡು." ಅವನು ಅಂಗೈ ನೋಡಿಕೊಳ್ಳುತ್ತ ಕೂತ. "ಅವತ್ತೂ ಅಲ್ಲೇ ಇದ್ಲು ಅಂತ ಕಾಣ್ತದೆ. ನಾನು ಏನೂ ಕೇಳ್ಲೇ ಇಲ್ಲ. ಹಂಗೇ ತಿರುಗಿಸ್ಕಂಡು ಬಂದೆ."

ಹೊರಗಿನಿಂದ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದು, ಬಾಗಿಲ ಹೊರಗೆ ಪೇದೆಯ ಕಣ್ಣೆದುರೇ ನಿಂತು ಇಬ್ಬರೂ ತಿಂದೆವು. ಸಂಜೆ ಕೋರ್ಟು ಎದ್ದಾಗ ಅವನೂ ಎದ್ದ. ಕಾಲು ಜೋಮು ಹಿಡಿದಿತ್ತು, ನನ್ನ ಭುಜ ಹಿಡಿದುಕೊಂಡು ಮೆಟ್ಟಿಲು ಇಳಿದ.

ಲೈಸೆನ್ಸು ಅಮಾನತಿನಲ್ಲಿದ್ದಷ್ಟು ಕಾಲ ಗಾಡಿಗೆ ಬೇರೆ ಡ್ರೈವರನ್ನು ಇಟ್ಟುಕೊಂಡು, ತಾನು ಪಕ್ಕದಲ್ಲಿ ಕೂತು ಹೋಗಿ ಚೀಲ ಇಳಿಸಿದ. ಈಗ ಮತ್ತೆ ತಾನೇ ಓಡಿಸುತ್ತಾನೆ. ಕುಡಿತ ಬಿಟ್ಟಿದ್ದಾನೆಂದು ಬರೆಯಲು ನನಗೂ ಆಸೆ. ಬಿಟ್ಟಿಲ್ಲ. ಗಾಡಿ ಮನೆ ಮುಂದೆ ನಿಲ್ಲಿಸಿ, ಕೀಲಿ ಅತ್ತಿಗೆಯ ಕೈಗೆ ಕೊಟ್ಟ ಮೇಲೆ ಕುಡಿಯುತ್ತಾನೆ. ಅವಳು ಅದನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಡುತ್ತಾಳೆ.

"ಇವ್ರ ಕುಡಿತ ಸಾಕಾಗೇತ್ರಿ" ಅಂದಳು ಮೊನ್ನೆ, ಬಸ್‌ಸ್ಟ್ಯಾಂಡಿನವರೆಗೆ ನನ್ನನ್ನು ಕಳಿಸಲು ಬಂದಾಗ. "ಆದ್ರೂ ಕುಡಿದು ರಸ್ತೆ ಮ್ಯಾಲೆ ಇಲ್ಲಲ್ಲ." ದಾವಣಗೆರೆ ಬಸ್ಸು ಬಂತು. ಸೀಟು ಇರಲಿಲ್ಲ. ಕಂಬಿ ಹಿಡಿದು ನಿಂತೆ.