ತೀತಾ ನಮ್ಮೂರ ಪಂಚಾಯಿತಿಗೆ ಬಂದದ್ದು

ಫಿಲಿಪ್ಪೀನ್ಸಿನಲ್ಲಿ ಡಾಕ್ಟರಿಕೆ ಓದಿದ ಅಷ್ಟೂ ವರ್ಷ ನಾನು ಒಂದೇ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿಯನ್ನು 'ತೀತಾ' ಎನ್ನುತ್ತಿದ್ದೆ. ಅವರ ಭಾಷೆಯಲ್ಲಿ ಚಿಕ್ಕಮ್ಮನಿಗೂ ಅತ್ತೆಗೂ ಅದೊಂದೇ ಮಾತು. ನಮ್ಮವ್ವ ಮಾತ್ರ ಪ್ರತಿ ಸಲವೂ 'ತೀಟಿ' ಎಂದೇ ಕೇಳಿಸಿಕೊಂಡಳು. ಅಷ್ಟು ಒಳ್ಳೆಯ ಹೆಂಗಸಿಗೆ ಅಂಥ ಹೆಸರನ್ನು ಯಾರಿಟ್ಟರೆಂದು ಮರುಗಿದಳು.

ತೀತಾ ಸರ್ಕಾರಿ ಶಾಲೆಯಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಆಮೇಲೆ ತಮ್ಮ ಬರಂಗಾಯ್‌ಗೆ ಚುನಾವಣೆಯಲ್ಲಿ ಗೆದ್ದು ಮುಖ್ಯಸ್ಥೆಯಾದರು. ಬರಂಗಾಯ್ ಎಂದರೆ ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿಯೇ. ನಾನು ಮರಳಿ ಬಂದು, ವಿದೇಶದಲ್ಲಿ ಓದಿದವರು ಬರೆಯಬೇಕಾದ ಇಲ್ಲಿಯ ಪರೀಕ್ಷೆಯನ್ನು ಮೂರನೇ ಸಲಕ್ಕೆ ಪಾಸು ಮಾಡಿ, ಅಫಜಲಪುರದಲ್ಲಿ ಕ್ಲಿನಿಕ್ ತೆರೆದ ಮೇಲೂ ಫೋನಿನಲ್ಲಿ "ನಿನ್ನ ಊರು ನೋಡಬೇಕು" ಎನ್ನುತ್ತಲೇ ಇದ್ದರು. ಹೋದ ವರ್ಷ ಮೇ ಕೊನೆಗೆ, ನೆಲ ಕಾದ ಹಂಚಿನಂತಿದ್ದಾಗ, ಬಂದೇಬಿಟ್ಟರು.

ನಮ್ಮೂರು ಆಳಂದ ತಾಲ್ಲೂಕಿನದು, ಮಾದನಹಿಪ್ಪರಗಾದ ಬಸ್ಸು ಅರೆಮನಸ್ಸಿನಿಂದ ನಿಲ್ಲುವ ಸಣ್ಣ ಊರು. ಕಲಬುರಗಿ ಸ್ಟೇಷನ್ನಿನಿಂದ ಕಾರಿನಲ್ಲಿ ಕರೆತಂದೆ. ಅವರ ನಾಡಿನಲ್ಲಿ ಹಿರಿಯರ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಳ್ಳುವುದು ಪದ್ಧತಿ. ಅಪ್ಪನನ್ನು ಕಂಡೊಡನೆ ತೀತಾ ಅವನ ಕೈ ಹಿಡಿದು ಬಗ್ಗಿದರು. ಅದೇ ಗಳಿಗೆಗೆ ಅವ್ವ ತೀತಾರ ಕಾಲು ಮುಟ್ಟಲು ಬಗ್ಗಿದಳು. ಇಬ್ಬರ ತಲೆಗಳು ಢಿಕ್ಕಿ ಹೊಡೆದ ಸದ್ದು ಪಕ್ಕದ ಮನೆಗೂ ಕೇಳಿಸಿತು. ಅಪ್ಪ ಮಾತ್ರ ಹಿಡಿಸಿಕೊಂಡ ಕೈಯನ್ನು ಬಿಡಿಸಿಕೊಳ್ಳಲು ಸಂಕೋಚಪಟ್ಟು ಗೋಡೆಗೆ ಆತುಕೊಂಡು "ಶರಣ್ರಿ, ಶರಣ್ರಿ" ಎನ್ನುತ್ತ ನಿಂತಿದ್ದ.

ಆಮೇಲೆ ಉಡುಗೊರೆ ಹೊರಬಂದವು. ಒಣಗಿಸಿದ ಮಾವಿನ ಹಣ್ಣು, ಅವ್ವನಿಗೊಂದು ಬೀಸಣಿಗೆ, ಕಡೆಗೆ ಕಾಗದದಲ್ಲಿ ಬಿಗಿಯಾಗಿ ಸುತ್ತಿದ ಒಂದು ಪೊಟ್ಟಣ. ಬಿಚ್ಚುವ ಮೊದಲೇ ವಾಸನೆ ನಡುಮನೆ ತುಂಬಿತು. ಒಣಮೀನು!

"ಇದು ನಿನಗೆ. ಬೆಳಿಗ್ಗೆ ಬೆಳ್ಳುಳ್ಳಿ ಅನ್ನದ ಜೊತೆ ಎಷ್ಟು ಪ್ರೀತಿಯಿಂದ ತಿನ್ನುತ್ತಿದ್ದೆ!" ಎಂದು ತೀತಾ ಇಂಗ್ಲಿಷಿನಲ್ಲಿ ಹಿಗ್ಗಿ ಹೇಳಿದರು.

ಅಷ್ಟೂ ವರ್ಷ ಬರೀ ಅನ್ನ, ಬಾಳೆಹಣ್ಣಿನಲ್ಲಿ ದಿನ ಕಳೆದೆನೆಂದು ಮನೆಯಲ್ಲಿ ಹೇಳಿಟ್ಟಿದ್ದೆ. ನಮ್ಮ ಮನೆಗೆ ಮೊಟ್ಟೆ ಕೂಡ ಬಂದದ್ದಿಲ್ಲ.

"ಏನಂತಾರ ಬೇ ಅವ್ರು?" ಎಂದಳು ಅವ್ವ.

"ಅಲ್ಲಿ ಸಿಗೂ ಒಂದ್ ಬೇರಂತ ಅವ್ವಾ. ಔಷಧಕ್ಕ ಬಳಸ್ತಾರ."

ಅವ್ವ ಪೊಟ್ಟಣದೊಳಗೆ ಇಣುಕಿ ನೋಡಿದಳು. "ಈ ಬೇರಿಗಿ ಕಣ್ಣ ಅದಾವಲ್ಲ ಬೇ?"

ಅಪ್ಪ ಎರಡು ಬೆರಳಲ್ಲಿ ಪೊಟ್ಟಣ ಎತ್ತಿ ದನದ ಕೊಟ್ಟಿಗೆಯಲ್ಲಿಟ್ಟು ಬಂದ. ಸಂಜೆಯೊಳಗೆ ಓಣಿಯ ಬೆಕ್ಕುಗಳು ಆ ಔಷಧವನ್ನು ಪೂರ್ತಿ ಸೇವಿಸಿದವು. ಈ ವಿಷಯವಾಗಿ ಅಪ್ಪ ಅವ್ವ ಇವತ್ತಿಗೂ ನನ್ನನ್ನು ಏನೂ ಕೇಳಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ತೀತಾಗೆ ನಮ್ಮ ಮಾತಿನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು 'ರಿ'. ಅವರಲ್ಲಿ ದೊಡ್ಡವರೊಡನೆ ಮಾತಾಡುವಾಗ ಮಾತುಮಾತಿಗೂ 'ಪೋ' ಎಂದು ಸೇರಿಸುತ್ತಾರೆ. ಅದೇ ಇದು ಎಂದು ಗೊತ್ತಾದದ್ದೇ ತಡ, ಎರಡು ದಿನ ಕಂಡದ್ದಕ್ಕೆಲ್ಲ ರಿ ಹಚ್ಚಿದರು. "ಚಹಾ ರಿ. ನೀರು ರಿ." ಎಮ್ಮೆಗೂ "ಬಾ ರಿ" ಎಂದರು. ನಮ್ಮೆಮ್ಮೆಗೆ ಹುಟ್ಟಿದಾಗಿನಿಂದ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಮೂರನೇ ದಿನ ಪಂಚಾಯಿತಿ ನೋಡಬೇಕೆಂದು ಹಟ ಹಿಡಿದರು. ಅಧ್ಯಕ್ಷರು ಹೆಂಗಸೆಂದು ನಾನೇ ಬಾಯಿ ಜಾರಿ ಹೇಳಿದ್ದೆ. ಕಚೇರಿಗೆ ಹೋದರೆ ಅಧ್ಯಕ್ಷರ ಕುರ್ಚಿಯಲ್ಲಿ ಅಧ್ಯಕ್ಷರ ಗಂಡ ಟವೆಲ್ ಹೊದ್ದು ಕುಳಿತಿದ್ದ. ಇದು ನಮಗೆ ಎಷ್ಟು ರೂಢಿಯೆಂದರೆ, ನಾನು ಅದನ್ನೊಂದು ವಿಷಯವೆಂದು ತಿಳಿದೇ ಇರಲಿಲ್ಲ.

ತೀತಾರ ಊರಲ್ಲಿ ಬೆರಳು ಚಾಚುವುದು ಒರಟುತನ. ತುಟಿ ಮುಂದೆ ಮಾಡಿ ದಿಕ್ಕು ತೋರಿಸುತ್ತಾರೆ. ಅವರು ಆ ಗಂಡಸಿನತ್ತ ಎರಡು ಸಲ ತುಟಿ ಚಾಚಿ, "ಇವರು ಯಾರು?" ಎಂದು ನನ್ನನ್ನು ಕೇಳಿದರು.

ಆತ ಕಿವಿಯವರೆಗೆ ಕೆಂಪಾದ. ಟವೆಲನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡು, "ಡಾಕ್ಟರಮ್ಮಾರ, ಇವ್ರು ಆರಾಮ ಅದಾರ ಇಲ್ರಿ? ಭಾಳ ಬಿಸಲ ಹತ್ತಿರಬೇಕು" ಎಂದ.

"ಅಧ್ಯಕ್ಷರಿಗೆ ಭೆಟ್ಟಿ ಆಗಬೇಕಂತ್ರಿ."

"ನಾನಽ ಅದೀನಲ್ರಿ! ಕುಂದ್ರಸ್ರಿ."

ನಾನು ಅನುವಾದಿಸಿದೆ. ತೀತಾ ಕುಳಿತುಕೊಳ್ಳಲಿಲ್ಲ. "ನನಗೂ ಗಂಡ ಇದ್ದಾನೆ. ಗಂಡಂದಿರನ್ನು ನೋಡಲು ನಾನು ಸಮುದ್ರ ದಾಟಿ ಬರಬೇಕಿರಲಿಲ್ಲ" ಎಂದು ಹೊರಟೇಬಿಟ್ಟರು. ಆ ವಾಕ್ಯವನ್ನು ನಾನು "ಆಮ್ಯಾಲೆ ಬರ್ತಾರಂತ್ರಿ" ಎಂದು ಕನ್ನಡಕ್ಕೆ ತಂದೆ.

ಅಧ್ಯಕ್ಷೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಹತ್ತನೇ ಇಯತ್ತೆಯವರೆಗೆ ಓದಿದವಳು. ತೀತಾ ಒಲೆಯ ಮುಂದೆ ಕಾಲು ಮಡಚಿ ಕುಳಿತು, ತಾವೂ ಒಂದು ರೊಟ್ಟಿಗೆ ಕೈ ಹಾಕಿದರು. ಅದು ಮೂರು ತುಂಡಾಯಿತು. ಅಧ್ಯಕ್ಷೆ ನಗತೊಡಗಿದಳು; ಸಂಕೋಚ ಹೋಯಿತು. ಆಗ ತೀತಾ ತಮ್ಮ ಕಥೆ ಹೇಳಿದರು, ನನಗೂ ಗೊತ್ತಿರದ ಕಥೆ; ನಾನು ಕನ್ನಡಕ್ಕೆ ತರುತ್ತ ಹೋದೆ.

ಅವರಿಗಿಂತ ಮೊದಲು ಅವರ ಗಂಡನೇ ಬರಂಗಾಯ್‌ ಮುಖ್ಯಸ್ಥ. ಒಬ್ಬರೇ ಸತತ ಮೂರು ಸಲಕ್ಕಿಂತ ಹೆಚ್ಚು ಇರಬಾರದೆಂದು ಅಲ್ಲಿ ಕಾನೂನು. ನಾಲ್ಕನೇ ಸಲ ಹೆಂಡತಿಯನ್ನು ನಿಲ್ಲಿಸಿದ, ಕುರ್ಚಿ ಮನೆಯಲ್ಲೇ ಇರಲೆಂದು.

"ಮೊದಲ ದಿನ ಅವನು ರೂಢಿಯಂತೆ ಹೋಗಿ ಕುರ್ಚಿಯಲ್ಲಿ ಕುಳಿತ. ನಾನು ನಿಂತೆ. ಬಂದವರೆಲ್ಲ ಅವನ ಜೊತೆಗೇ ಮಾತಾಡಿದರು. ನಾಲ್ಕು ದಿನ ಹೀಗೇ ನಿಂತೆ."

"ಐದನೇ ದಿನ ಏನ್ ಮಾಡಿದ್ರಿ?" ಅಧ್ಯಕ್ಷೆಯ ಕೈಯಲ್ಲಿ ಹಿಟ್ಟು ಹಾಗೇ ಉಳಿದಿತ್ತು.

"ಅವನಿಗಿಂತ ಮೊದಲೇ ಹೋಗಿ ಕುಳಿತೆ."

"ಅಷ್ಟೇನ್ರಿ?"

"ಅಷ್ಟೇ. ಅವನು ಬಂದು ನಿಂತ. ಇನ್ನೊಂದು ಕುರ್ಚಿ ಇರಲಿಲ್ಲ."

"ಸಿಟ್ಟಾಗಲಿಲ್ಲೇನ್ರಿ ಯಜಮಾನ್ರು?"

"ಎರಡು ದಿನ ನಾನು ಮಾಡಿದ ಅಡುಗೆ ಮುಟ್ಟಲಿಲ್ಲ. ಮೂರನೇ ದಿನ ಹಸಿವಾಯಿತು."

ಅಧ್ಯಕ್ಷೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಒಲೆಯ ಮೇಲಿದ್ದ ರೊಟ್ಟಿ ಸೀದು ಕರಿಯಾಯಿತು.

ಶಾಲೆ ತೆರೆಯಲು ಮೂರು ದಿನ ಉಳಿದಿತ್ತು. ತೀತಾರ ನಾಡಿನಲ್ಲಿ ಶಾಲೆ ಶುರುವಾಗುವ ಮೊದಲು ತಂದೆತಾಯಿ, ನೆರೆಹೊರೆಯವರು ಎಲ್ಲ ಕೂಡಿ ಗುಡಿಸಿ, ಬಣ್ಣ ಬಳಿದು, ಮುರಿದ ಬೆಂಚು ರಿಪೇರಿ ಮಾಡುತ್ತಾರೆ. ಇಲ್ಲಿ ಹಾಗಿಲ್ಲವೆಂದೆ. ಮರುದಿನ ಮುಂಜಾನೆ ಎದ್ದು ನೋಡಿದರೆ ತೀತಾ ಇಲ್ಲ, ಅವ್ವನ ಕಸಬರಿಗೆಯೂ ಇಲ್ಲ. ಓಡಿದೆ. ಶಾಲೆಯ ಅಂಗಳದಲ್ಲಿ ಧೂಳೇ ಧೂಳು, ನಡುವೆ ತೀತಾ. ಬೇವಿನ ಕಟ್ಟೆಯ ಮೇಲೆ ಊರ ಗಂಡಸರು ಸಾಲಾಗಿ ಕುಳಿತು ನೋಡುತ್ತಿದ್ದರು. ಒಬ್ಬ ಮುದುಕ ನನ್ನನ್ನು ಕೇಳಿದ: "ಏನ್ ಹರಕಿ ಹೊತ್ತಾರಬೇ ಪಾಪ?"

ಅಷ್ಟರಲ್ಲಿ ಅಧ್ಯಕ್ಷೆ ಬಂದಳು, ಕೈಯಲ್ಲಿ ಕಸಬರಿಗೆ, ಹಿಂದೆ ಓಣಿಯ ಏಳೆಂಟು ಹೆಂಗಸರು. ಹೊತ್ತು ಏರುವಷ್ಟರಲ್ಲಿ ಎರಡು ಕೋಣೆ ತೊಳೆದಾಗಿತ್ತು. ಒಬ್ಬ ಹುಡುಗಿ ತನ್ನ ಇಂಗ್ಲಿಷ್ ಪುಸ್ತಕ ತಂದು ತೀತಾ ಮುಂದೆ ಗಡಗಡ ಓದಿದಳು. ತೀತಾ ನಡುವೆ ಮೆಲ್ಲಗೆ ಹಾಳೆ ತಿರುವಿದರು. ಹುಡುಗಿ ಹಿಂದಿನ ಹಾಳೆಯ ಪಾಠವನ್ನೇ ಮುಂದುವರಿಸಿದಳು. ತೀತಾ ಅವಳನ್ನು ತಬ್ಬಿಕೊಂಡರು. "ನಮ್ಮ ಮಕ್ಕಳೂ ಹೀಗೇ. ಊರೆಲ್ಲ ಇಂಗ್ಲಿಷ್ ಮಾತಾಡುತ್ತೆ, ಓದಿದ್ದು ಏನೆಂದು ಕೇಳಿದರೆ ಸೂರು ನೋಡುತ್ತಾರೆ. ನಾನು ಕಲಿಸಿದವರೂ ಹಾಗೇ" ಎಂದರು. ನಗುತ್ತಿದ್ದರು, ಆದರೆ ಕಡೆಯ ಮಾತಿಗೆ ದನಿ ಸ್ವಲ್ಪ ಇಳಿದಿತ್ತು.

ಹುಡುಗಿಯರ ಪಾಯಖಾನೆಗೆ ಬಂದರೆ ಬೀಗ. ಅದರ ಕೀಲಿ ಅಧ್ಯಕ್ಷೆಯ ಗಂಡನ ಬಳಿಯಿತ್ತು. ಒಳಗೆ ಅವನ ಸಿಮೆಂಟ್ ಚೀಲಗಳಿದ್ದವು. ಇದು ಊರಿಗೆಲ್ಲ ಗೊತ್ತು. ಆತ ಕಟ್ಟೆಯ ಮೇಲೆ ಕುಳಿತು ಸಲಹೆ ಕೊಡುತ್ತಿದ್ದವನು ಥಟ್ಟನೆ ಕಾಲಿನಿಂದ ಚಪ್ಪಲಿ ತಡಕತೊಡಗಿದ.

ಅಧ್ಯಕ್ಷೆ ಅವನ ಮುಂದೆ ಹೋಗಿ ಒದ್ದೆ ಕೈ ಚಾಚಿದಳು. "ಕೀಲಿ ಕೊಡ್ರಿ."

"ಮನಿಗಿ ನಡಿ, ಅಲ್ಲಿ ಮಾತಾಡೋಣ."

"ಮನಿ ಕೀಲಿ ಕೇಳಾಕತ್ತಿಲ್ಲರಿ ನಾ. ಸಾಲಿದು ಕೊಡ್ರಿ."

ಕಟ್ಟೆಯ ಮೇಲೆ ಕುಳಿತವರು ಒಬ್ಬೊಬ್ಬರಾಗಿ ಆಕಾಶ ನೋಡತೊಡಗಿದರು. ಆತ ಉಡದಾರದಿಂದ ಕೀಲಿ ಬಿಡಿಸುವಾಗ ಗಂಟು ಬಿಗಿಯಾಗಿ, ಪಕ್ಕದವನು ಹಲ್ಲಿನಿಂದ ಬಿಡಿಸಬೇಕಾಯಿತು. ಮಧ್ಯಾಹ್ನದೊಳಗೆ ಸಿಮೆಂಟ್ ಚೀಲಗಳನ್ನು ಅವನೇ ಹೊತ್ತು ಹೊರಗೆ ಹಾಕಿದ. ತೀತಾ ಅವನಿಗೆ ನೀರು ಕೊಟ್ಟು "ಕುಡಿ ರಿ" ಎಂದರು. ಆತ ಅವರ ತುಟಿಯತ್ತ ನೋಡದೆ ಕುಡಿದ.

ಎಲ್ಲ ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ತೀತಾ ಹೋದ ಮೇಲೆ ಗಂಡ ಎರಡು ಸಭೆ ತಪ್ಪಿಸಿ, ಮೂರನೆಯದಕ್ಕೆ ಬಂದ. ಈಗ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡುತ್ತಾನೆ, ನಡುನಡುವೆ ಕೆಮ್ಮುತ್ತಾನೆ. ಮೊನ್ನೆ ಅಧ್ಯಕ್ಷೆ ಬಿ.ಪಿ. ತೋರಿಸಲು ನನ್ನ ಕ್ಲಿನಿಕ್ಕಿಗೆ ಬಂದಿದ್ದಳು. ಹೇಗೆ ನಡೆದಿದೆ ಕಾರಭಾರ ಎಂದೆ.

"ಪ್ರತಿ ಕಾಗದ ಓದೇ ಸಹಿ ಮಾಡ್ತೇನ್ರಿ. ಒಂದಕ್ಕ ಅರ್ಧ ತಾಸು ಹಿಡಿತದ. ಪಿಡಿಒ ಸಾಹೇಬ್ರು ಕುಂತಲ್ಲೇ ನಿದ್ದಿ ಹೊಡಿಲಿಕತ್ತಾರ" ಎಂದು, ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಕುಳಿತಳು. ಬಿ.ಪಿ. ಸರಿಯಾಗೇ ಇತ್ತು. ಗಂಡನದನ್ನೂ ಒಮ್ಮೆ ನೋಡೋಣ, ಕರೆದುಕೊಂಡು ಬಾ ಎಂದೆ.