ಅಕ್ಕಿಯಲ್ಲಿ ಬರೆದ ಹೆಸರು

ನನ್ನ ಸೊಸೆ ಪರದೇಶದಲ್ಲಿ ಕಳೆದುಹೋಗಿರಲಿಲ್ಲ. ಇದ್ದಲ್ಲೇ ಇದ್ದಳು. ನಾವು ಬೇರೆ ಯಾರನ್ನೋ ಕೇಳುತ್ತ ಕೂತಿದ್ದೆವು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಹೆದರಿಕೆ.

ಹಳೆಯ ಮಾತು ಈಗೇಕೆ ಅಂದರೆ, ಮೊಮ್ಮಗನ ಮದುವೆ ನಾಳೆ. ನಿನ್ನೆ ಸಂಜೆ ನನ್ನ ನಾದಿನಿ ಕಮಲಾ ಬೀದರಿನ ಬಸ್ಸಿಳಿದು ಬಂದವಳೇ ಹಿತ್ತಾಳೆ ತಟ್ಟೆ ಹುಡುಕಿ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ತಟ್ಟೆಯಲ್ಲಿ ಅಕ್ಕಿ ಹರವಿ ನನ್ನ ಮುಂದಿಟ್ಟಳು.

'ವೈನಿ, ಹುಡುಗಿಗೆ ಯಾವ ಹೆಸರ ಆರಿಸೀರಿ? ಉಂಗುರ ಎಲ್ಲೈತಿ?'

'ನೋಡೋಣ' ಎಂದೆ.

ನಿಮ್ಮ ಕಡೆ ಇದು ಇದೆಯೋ ಇಲ್ಲವೋ, ನಮ್ಮಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರು. ಹರವಿದ ಅಕ್ಕಿಯಲ್ಲಿ ಬಂಗಾರದ ಉಂಗುರದಿಂದ ಗಂಡ ಬರೆಯುತ್ತಾನೆ. ಹೆಸರು ಆರಿಸುವುದು ಮನೆಯ ಹಿರಿಯಳು. ನನಗೂ ಹಾಗೇ ಇಟ್ಟರು. ತವರಿನ ಹೆಸರು ಹಿಡಿದು ನನ್ನನ್ನು ಕರೆಯುವವರು ಈಗ ಒಬ್ಬರೂ ಉಳಿದಿಲ್ಲ. ಇರಲಿ, ಅದಕ್ಕೇನೂ ನಾನು ಅಳುತ್ತ ಕೂತಿಲ್ಲ.

ನನ್ನ ಸೊಸೆ ಬಂದಾಗ ಅವಳ ಹೆಸರು ನೀಲಮ್ಮ. ನನ್ನ ಅತ್ತೆಯ ಹೆಸರೂ ನೀಲಮ್ಮ. ಮುದುಕಿ ಆಗಲೇ ಫೋಟೋ ಆಗಿ ಗೋಡೆ ಏರಿದ್ದಳು, ಆದರೂ ಅವಳ ಕಣ್ಣೆದುರಿಗೆ 'ಏ ನೀಲಮ್ಮ, ಮುಸುರಿ ತಿಕ್ಕು' ಅನ್ನುವುದು ಹೇಗೆ? ನನಗೇನೋ ಅನ್ನಲು ಖುಷಿಯೇ ಇತ್ತು. ನನ್ನ ಗಂಡ ಒಪ್ಪಲಿಲ್ಲ. ಹಾಗಾಗಿ ಸುಮಂಗಲಾ ಎಂದು ಬರೆಸಿದೆ. ಮೆಹದಿಪಟ್ಟಣದ ಈ ಗಲ್ಲಿಗೆಲ್ಲ ಅವಳು ಸುಮಂಗಲಾ ಆದಳು. ನನ್ನ ಮಗ ಮಾತ್ರ ಯಾವ ಹೆಸರಿನಿಂದಲೂ ಕರೆಯಲಿಲ್ಲ. 'ಏ, ಕೇಳಿಲ್ಲಿ' ಅನ್ನುತ್ತಿದ್ದ. ಅವನಪ್ಪನೂ ನನ್ನನ್ನು ಹಾಗೇ.

ಮಗ ಬಾಲಾನಗರದ ಒಂದು ಲೇತ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಅವನ ಬಲಗೈ ಯಂತ್ರಕ್ಕೆ ಸಿಕ್ಕಿತು. ಆಗ ಸುಮಂಗಲಾ ಕೊಲ್ಲಿ ದೇಶಕ್ಕೆ ಅಡುಗೆ ಕೆಲಸಕ್ಕೆ ಹೊರಟಳು. ಕಾಗದ ಪತ್ರವನ್ನೆಲ್ಲ ಒಬ್ಬ ಏಜೆಂಟ್ ಮಾಡಿಸಿದ. ಪಾಸ್‌ಪೋರ್ಟನ್ನು ಅವಳು ಸೀರೆಯ ಮಡಿಕೆಯಲ್ಲಿಟ್ಟುಕೊಂಡು ವಿಮಾನ ಹತ್ತಿದಳು. ನಾವ್ಯಾರೂ ಅದನ್ನು ಬಿಚ್ಚಿ ನೋಡಲಿಲ್ಲ. ನೋಡಿದ್ದರೂ ನನಗೆ ಓದಲು ಬರುತ್ತಿರಲಿಲ್ಲ, ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು.

ಅವಳು ವಾರಕ್ಕೊಮ್ಮೆ ಮೂಲೆಯ ಕಿರಾಣಿ ಅಂಗಡಿಗೆ ಫೋನ್ ಮಾಡುತ್ತಿದ್ದಳು. ಒಂದು ದಿನ ಮಾಡಿದಾಗ ದನಿ ನಡುಗುತ್ತಿತ್ತು. 'ಅತ್ತಿ, ಆ ಮನಿ ಬಿಟ್ಟು ಓಡಿ ಬಂದೀನ್ರಿ. ಹೊಡೀತಾರ, ಊಟ ಕೊಡಂಗಿಲ್ಲ. ನಮ್ಮ ದೇಶದ ಆಫೀಸಿನ ಗೇಟಿನ ಮುಂದ ನಿಂತೀನಿ.' ಅಷ್ಟಕ್ಕೆ ಕಡಿಯಿತು. ಆ ವಾರವೇ ಮಾದಾಪುರದ ಆಫೀಸುಗಳಿಗೆ ಏನೋ ಕೇಬಲ್ ಎಳೆಯಲು ನಮ್ಮ ರಸ್ತೆ ಅಗೆದರು. ಅಂಗಡಿಯ ಫೋನ್ ಸತ್ತುಹೋಯಿತು. ಏಜೆಂಟನ ಬಳಿ ಓಡಿದರೆ ಅವನ ಆಫೀಸಿಗೆ ಬೀಗ, ಬೋರ್ಡೂ ಇಲ್ಲ.

ಮಹಡಿಯ ಮೇಲೆ ನಂದಿನಿ ಬಾಡಿಗೆಗಿದ್ದಳು, ಮೈಸೂರಿನ ಹುಡುಗಿ, ಕಂಪ್ಯೂಟರ್ ಕೆಲಸದವಳು. ಅವಳೇ ಆಫೀಸಿನಲ್ಲಿ ಹುಡುಕಿ ಆ ರಾಯಭಾರ ಕಚೇರಿಯ ನಂಬರು ತಂದಳು. ಅಲ್ಲಿ ಶುಕ್ರವಾರ ರಜೆ, ಭಾನುವಾರ ಕೆಲಸ. ಇವಳಿಗೆ ಭಾನುವಾರವೇ ಬಿಡುವು. ಹಾಗಾಗಿ ಭಾನುವಾರ ಬಂತೆಂದರೆ ನಾವಿಬ್ಬರೂ ಬಸ್ ನಿಲ್ದಾಣದ ಪಕ್ಕದ ಎಸ್‌ಟಿಡಿ ಬೂತಿನೊಳಗೆ. ಅವಳು ಮಾತಾಡುವಾಗ ನಾನು ಅವಳ ಮುಖ ಓದುತ್ತಿದ್ದೆ.

ರಾಯಭಾರ ಕಚೇರಿ ಅಂದರೆ ದೊಡ್ಡ ಮೇಜಿನ ಹಿಂದೆ ಒಬ್ಬ ದೊಡ್ಡ ಸಾಹೇಬ ಕೂತಿರುತ್ತಾನೆಂದು ನಾನು ತಿಳಿದಿದ್ದೆ. ಅಲ್ಲ. ಅದು ಥೇಟ್ ನಮ್ಮ ಮೆಹದಿಪಟ್ಟಣದ ಬಸ್ ನಿಲ್ದಾಣ. ನಿಮಗೆ ಬೇಕಾದ ಬಸ್ಸು ಯಾವಾಗಲೂ ನೀವು ನಿಂತಲ್ಲಿಂದ ಹೊರಡುವುದಿಲ್ಲ. ಪಾಸ್‌ಪೋರ್ಟಿನವರು ನಂಬರ್ ಕೇಳಿದರು. ನಮ್ಮಲ್ಲಿ ಎಲ್ಲಿಯದು? ಕಾಗದಕ್ಕೆ ಮುದ್ರೆ ಒತ್ತುವವರು, ನಾವು ಮುದ್ರೆ ಮಾತ್ರ ಒತ್ತುತ್ತೇವೆ ಎಂದರು. ವೀಸಾದವರು ಬೈದರಂತೆ. ಕಾರ್ಮಿಕರ ವಿಭಾಗ, ಕಷ್ಟದಲ್ಲಿರುವವರ ಕಲ್ಯಾಣ ವಿಭಾಗ, ಎಲ್ಲ ಕಡೆಯೂ ಒಂದೇ ಉತ್ತರ. ಸುಮಂಗಲಾ ಎಂಬ ಹೆಂಗಸು ನಮ್ಮಲ್ಲಿಗೆ ಬಂದಿಲ್ಲ.

'ಗೇಟಿನ ತನಕ ಹೋದಾಕಿ ಒಳಗ ಯಾಕ ಹೋಗಲಿಲ್ಲ?' ಎಂದು ನಾನು ಕೇಳಿದರೆ ನಂದಿನಿ ಮತ್ತೆ ನಂಬರು ಒತ್ತುತ್ತಿದ್ದಳು. ಗೇಟಿನಿಂದಲೇ ಯಾರಾದರೂ ಎಳೆದೊಯ್ದರೇ? ಮಗ ಊಟ ಬಿಟ್ಟ. ಮೊಮ್ಮಗ ಅವ್ವ ಯಾವಾಗ ಬರ್ತಾಳೆ ಅಂದರೆ, 'ಬಂದಾಗ ಬರ್ತಾಳ, ಉಣ್ಣು' ಅನ್ನುತ್ತಿದ್ದೆ.

ಒಂದು ಭಾನುವಾರ ಫೋನನ್ನು ಇನ್ನೊಂದು ಕಡೆಗೆ ದಾಟಿಸಿದರು. ನಂದಿನಿಯ ಮುಖ ಬಿಳಿಚಿತು.

'ಯಾವ ಖಾತೇಕ್ಕ ಕೊಟ್ರವ್ವಾ?'

'ಏನಿಲ್ಲ ಅಜ್ಜಿ, ಇನ್ನೊಂದು ಸೆಕ್ಷನ್ನು.'

'ಯಾವ್ದು ಹೇಳು.'

'ಅಲ್ಲಿ... ತೀರಿಕೊಂಡವರನ್ನ ಊರಿಗೆ ಕಳಿಸೋ ಸೆಕ್ಷನ್ ಅಜ್ಜಿ.'

ನಾನೂ ರಿಸೀವರಿನ ಹತ್ತಿರ ಕಿವಿ ತಂದೆ. ಆ ಕಡೆಯವನು ತನ್ನ ಪುಸ್ತಕದ ಹಾಳೆ ತಿರುವುವ ಸದ್ದು ನನಗೂ ಕೇಳಿದಂತೆ ಆಯಿತು. ಆಮೇಲೆ ನಂದಿನಿ ಉಸಿರು ಬಿಟ್ಟಳು. ಅಲ್ಲಿಯೂ ಆ ಹೆಸರಿನವರು ಇಲ್ಲ. ಇಲ್ಲ ಎಂಬ ಮಾತು ಕೇಳಿ ನನಗೆ ಸಮಾಧಾನವಾದದ್ದು ಅದೊಂದೇ ಸಲ.

ಮುಂದಿನ ಭಾನುವಾರ ಬೂತಿಗೆ ಹೊರಡುವ ಹೊತ್ತಿಗೆ ಬೀಗತಿ, ಅಂದರೆ ಸೊಸೆಯ ತಾಯಿ, ಹಳ್ಳಿಯಿಂದ ಬಂದು ಅಂಗಳದಲ್ಲೇ ಕುಸಿದು ಕೂತಳು.

'ನನ್ನ ನೀಲಾನ್ನ ಎಲ್ಲಿ ಕಳಕೊಂಡ್ರಿ? ಕೈಯಾಗ ಕೊಟ್ಟಿದ್ನಲ್ರೀ, ಎಲ್ಲಿ ನನ್ನ ನೀಲಾ?'

ಮೆಟ್ಟಿಲಿಳಿಯುತ್ತಿದ್ದ ನಂದಿನಿ ಅಲ್ಲೇ ನಿಂತಳು. 'ನೀಲಾ ಯಾರು ಅಜ್ಜಿ?'

'ನನ್ನ ಸೊಸಿ.'

'ಸುಮಂಗಲಾ ಅಲ್ವಾ?'

'ಅದು ನಾವಿಟ್ಟಿದ್ದು. ತವರಿನ ಹೆಸರ ನೀಲಮ್ಮ.'

'ಮತ್ತೆ ಪಾಸ್‌ಪೋರ್ಟಲ್ಲಿ ಏನಿದೆ?'

ನಾವು ಅದನ್ನು ಬಿಚ್ಚಿ ನೋಡಿದ್ದರೆ ತಾನೇ. ಬೀಗತಿಯೇ ಮೂಗೊರಸಿಕೊಂಡು ಹೇಳಿದಳು, 'ಆ ಏಜೆಂಟ ನಮ್ಮೂರಿಗೆ ಬಂದು ಆಕೀ ಸಾಲಿ ಸರ್ಟಿಫಿಕೇಟ್ ಒಯ್ದಿದ್ದ ನೋಡ್ರಿ.'

ನಂದಿನಿ ನನ್ನ ಕೈ ಹಿಡಿದು ಬೂತಿಗೆ ಓಡಿದಳು. ಕಾಲಿಗೆ ಚಪ್ಪಲಿ ಇರಲಿಲ್ಲ, ಅವಳಿಗೂ ನನಗೂ. ಕಲ್ಯಾಣ ವಿಭಾಗದವನು ಹೆಸರು ಕೇಳಿದವನೇ, 'ನೀಲಮ್ಮಾ? ಹಾಂ ಜೀ, ಹೈ ನಾ' ಎಂದನಂತೆ. ಅವರದೇ ಆಶ್ರಯದ ಮನೆಯಲ್ಲಿ ಓಡಿಬಂದ ಹೆಂಗಸರ ಜೊತೆ ಮೊದಲ ದಿನದಿಂದಲೂ ಇದ್ದಾಳೆ. ನಂದಿನಿ ಗೋಗರೆದದ್ದಕ್ಕೆ, ಸ್ವಲ್ಪ ಹೊತ್ತು ಬಿಟ್ಟು ಅವಳನ್ನು ಫೋನಿಗೆ ಕರೆಸಿದರು.

'ಅತ್ತಿ' ಎಂದಳು. 'ಅಂಗಡಿ ಫೋನ್ ಹತ್ತವಲ್ದು. ದಿನಾ ಆಫೀಸಿನ್ಯಾಗ ಕೇಳ್ತಿದ್ದೆ, ನಮ್ಮನ್ಯಾಗಿಂದ ಫೋನ್ ಬಂತೇನ್ರಿ ಅಂತ. ನೀಲಮ್ಮನ್ನ ಯಾರೂ ಕೇಳಿಲ್ಲ ಅಂತಿದ್ರು. ಬಿಟ್ಟುಬಿಟ್ರು ಅಂದ್ಕೊಂಡೆ ಅತ್ತಿ.'

'ಪ್ರತಿ ವಾರ ಕೇಳೀವಿ. ಸುಮಂಗಲಾ ಅಂತ ಕೇಳೀವಿ' ಎಂದೆ.

ಪಾಸ್‌ಪೋರ್ಟ್ ಅವಳು ಕೆಲಸಕ್ಕಿದ್ದ ಮನೆಯವರ ಹತ್ತಿರವೇ ಉಳಿಯಿತು. ಕಚೇರಿಯವರು ಊರಿಗೆ ಹೋಗುವಷ್ಟಕ್ಕೆ ಒಂದು ಬಿಳಿ ಕಾಗದ ಮಾಡಿಕೊಟ್ಟರು. ಅದರ ಮೇಲೆ ನೀಲಮ್ಮ ಎಂದೇ ಇತ್ತು. ಸೊರಗಿ ಬಂದಳು, ಮೊಣಕೈ ಮೇಲೆ ಸುಟ್ಟ ಕಲೆ. ಬಂದ ಮೇಲೆ ನಾನು ಮತ್ತೆ ಸುಮಂಗಲಾ ಎಂದೇ ಕರೆದೆ. ನಾಲಿಗೆಗೆ ರೂಢಿ. ಅವಳೂ ಓಗೊಟ್ಟಳು.

ನಿನ್ನೆ ರಾತ್ರಿ ಮಲಗುವ ಮುಂಚೆ ಅವಳನ್ನೇ ಕೇಳಿದೆ, 'ನಿನ್ನ ಸೊಸಿ ಬರಾಕತ್ತಾಳ. ಏನ್ ಹೆಸರ ಇಡೋದು?'

'ನೀವು ಹಿರೇರು, ನೀವು ಹೇಳಿದ್ದೇ ಬರಸ್ತೀನಿ' ಎಂದಳು. ಹೇಳಿದವಳ ಕೈ ಮೊಣಕೈಯ ಕಲೆಯ ಮೇಲಿತ್ತು.

ಇವತ್ತು ಬೆಳಿಗ್ಗೆ ಎದ್ದವಳೇ ತಟ್ಟೆಯ ಅಕ್ಕಿಯನ್ನು ಪಾತ್ರೆಗೆ ಸುರಿದು, ತೊಳೆದು, ಒಲೆಯ ಮೇಲಿಟ್ಟೆ. ಕಮಲಾ ಹೌಹಾರಿ ಬಂದಳು.

'ಅಯ್ಯ ವೈನಿ, ಹೆಸರಿನ ಅಕ್ಕಿ ಅಲ್ರೀ ಅದು!'

'ಊಟದ ಅಕ್ಕಿ. ಹುಡುಗಿಗೆ ಹೆಸರೈತಿ, ತಗೊಂಡೇ ಬರ್ತಾಳ.'

ಬಾಗಿಲಲ್ಲಿ ಸೊಸೆ ಸೆರಗು ಹಿಡಿದು ನಿಂತಿದ್ದಳು. ಗೋಡೆಯ ಮೇಲಿನ ಅತ್ತೆಯ ಫೋಟೋದ ಕಡೆ ನಾನು ತಿರುಗಿ ನೋಡಲಿಲ್ಲ.

'ಏ ನೀಲಮ್ಮ, ನಿಂತೇನ್ ನೋಡ್ತಿ? ಬ್ಯಾಳಿ ಇಡು' ಎಂದೆ.