ಎಲೆ ಬಿಟ್ಟು ಎದ್ದ ಬೀಗಿತ್ತಿ

ಮದುವೆ ಮನೆಯಲ್ಲಿ ನನ್ನಷ್ಟು ಬೇಗ ಊಟ ಮುಗಿಸುವವರನ್ನು ನೀವು ನೋಡಿರಲಾರಿರಿ. ಪಂಕ್ತಿಗೆ ಮೊಸರು ಬರುವಷ್ಟರಲ್ಲಿ ಕೈತೊಳೆದು, ಬಂದ ಗಾಡಿಯಲ್ಲಿ ಕಿಟಕಿ ಪಕ್ಕ ಕೂತಿರುತ್ತೇನೆ. ಉಳಿದವರು ಹರಟೆ ಹೊಡೆದು, ತಾಂಬೂಲದ ಚೀಲಕ್ಕೆ ಕಿತ್ತಾಡಿ ಬರುವ ಹೊತ್ತಿಗೆ ನನಗೊಂದು ನಿದ್ದೆ ಆಗಿರುತ್ತದೆ. "ಇವಳನ್ನ ಗಾಡಿ ಜೊತೇಲೇ ಬಾಡಿಗೆಗೆ ತಂದಿದ್ದೀವಿ" ಎಂದು ನನ್ನ ಗಂಡ ಬ್ಯಾಟರಾಯನಪುರದ ನೆಂಟರಿಗೆಲ್ಲ ಹೇಳಿಕೊಂಡು ನಗುತ್ತಾರೆ. ನಾನೂ ನಗುತ್ತೇನೆ.

ಅಮ್ಮ ತೀರಿಕೊಂಡ ಮೇಲೆ ನಾನು ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಿ. ಅಲ್ಲಿ ಯಾರೂ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಅದಕ್ಕಾದರೂ ನಾನು ಕಣ್ಣಿಗೆ ಬೀಳಬೇಕಿತ್ತಲ್ಲ! ಐದು ವರ್ಷದವಳಿದ್ದಾಗ, ಯಶವಂತಪುರದ ಛತ್ರವೊಂದರಲ್ಲಿ ಮದುವೆ ಊಟವಾದ ಮೇಲೆ ಜಮಖಾನದ ಮೇಲೆ ನಿದ್ದೆ ಹೋದೆ. ಮನೆಯವರೆಲ್ಲ ಲಾರಿ ಹತ್ತಿ ಹೊರಟುಹೋದರು. ಮರುದಿನ ಛತ್ರದವರೇ ವಿಚಾರಿಸಿಕೊಂಡು ನನ್ನನ್ನು ಮನೆಗೆ ಕರೆತಂದಾಗ, ಅಂಗಳ ಗುಡಿಸುತ್ತಿದ್ದ ದೊಡ್ಡಮ್ಮ, "ಅಯ್ಯೋ, ನೀನ್ ಮನೇಲಿರ್ಲಿಲ್ವಾ?" ಎಂದರು.

ಇರಲಿ, ನನ್ನ ಅವಸರದಿಂದ ಯಾರಿಗೂ ತೊಂದರೆಯಂತೂ ಇರಲಿಲ್ಲ. ಕಳೆದ ವರ್ಷ ಮಗಳ ಮದುವೆಯಾಯಿತು. ಗಂಡಿನ ಮನೆಯವರು ಸೋಲದೇವನಹಳ್ಳಿಯಲ್ಲಿ ಬೀಗರೂಟ ಇಟ್ಟುಕೊಂಡರು. ಶಾಮಿಯಾನದ ಕೆಳಗೆ ಮೊದಲ ಪಂಕ್ತಿ. ಮೊದಲ ಎಲೆ ಹೆಣ್ಣಿನ ತಾಯಿಯದು, ಅಂದರೆ ನನ್ನದು. ಮುದ್ದೆ ಬಂತು, ಘಮಘಮಿಸುವ ಮಟನ್ ಸಾರು ಬಂತು. ನಾನು ಮೊದಲ ತುತ್ತು ಮುರಿಯುವುದಕ್ಕೂ ನಮ್ಮನ್ನು ತುಂಬಿಕೊಂಡು ಬಂದಿದ್ದ ಟಿಟಿಯನ್ನು ಡ್ರೈವರ್ ಸ್ಟಾರ್ಟ್ ಮಾಡುವುದಕ್ಕೂ ಸರಿಹೋಯಿತು. ನೆರಳಿಗೆ ಹಾಕುತ್ತಿದ್ದ, ಪಾಪ. ಅದು ತಿಳಿಯುವ ಮೊದಲೇ ನಾನು ರೇಷ್ಮೆ ಸೀರೆ ಎತ್ತಿ ಹಿಡಿದು ಓಡಿ, ಎಂಜಲು ಕೈಯಲ್ಲೇ ಗಾಡಿ ಹತ್ತಿ ಕೂತಿದ್ದೆ.

ಬೀಗರೂಟದಲ್ಲಿ ಹೆಣ್ಣಿನ ತಾಯಿ ಎಲೆ ಬಿಟ್ಟು ಏಳುವುದೆಂದರೆ ನಿಮ್ಮ ಸಂಬಂಧವೇ ಬೇಡ ಎಂದಂತೆ. ಪಂಕ್ತಿಯಲ್ಲಿ ಒಬ್ಬರೂ ತುತ್ತೆತ್ತಲಿಲ್ಲ. "ಏನ್ ಕಮ್ಮಿ ಆಯ್ತಂತೆ ಬೀಗ್ತಿಗೆ? ಇಂಗಾ ಮರ್ಯಾದೆ ತೆಗೆಯೋದು?" ಎಂದು ಆ ಮನೆಯ ಹಿರಿಯರೊಬ್ಬರು ಕೂಗಾಡಿದ್ದು ನನಗೇ ಕೇಳಿಸಿತು. ಅವರ ನಡುವೆ ಬಾಳಬೇಕಾದವಳು ನನ್ನ ಮಗಳು. ನಾಚಿಕೆಯಿಂದ ಬೆವತುಹೋದೆ. ಆದರೂ ಇಳಿಯಲು ಕಾಲೇ ಬರಲಿಲ್ಲ.

ಛತ್ರದ ಕಥೆ ಗೊತ್ತಿದ್ದವಳು ಮಗಳೊಬ್ಬಳೇ. ಬಂದವಳೇ ಡ್ರೈವರ್ ಹತ್ತಿರ ಕೀ ಇಸ್ಕೊಂಡು ನನ್ನ ಸೊಂಟಕ್ಕೆ ಸಿಕ್ಕಿಸಿದಳು.

"ಈಗ್ ಯಾರ್ ಹೋಗ್ತಾರೋ ನೋಡೇಬಿಡೋಣ. ಬಾರಮ್ಮ, ಮುದ್ದೆ ಆರೋಗತ್ತೆ." ಆಮೇಲೆ ಹಿಂದೆಯೇ ಬಂದಿದ್ದ ತನ್ನ ಅತ್ತೆಯ ಕಡೆ ತಿರುಗಿ, "ಅತ್ತೆ, ಬೇರೆ ಏನೂ ಇಲ್ಲ. ಚಿಕ್ಕೋಳಿದ್ದಾಗ ಅಮ್ಮನ್ನ ಮದ್ವೆ ಛತ್ರದಲ್ಲಿ ಬಿಟ್ಟೋಗಿದ್ರು. ಗಾಡಿ ಸದ್ದಾದ್ರೆ ಭಯ" ಎಂದಳು.

ಬೀಗಿತ್ತಿ ಗಾಡಿಯ ಬಾಗಿಲಿಗೆ ಬಂದರು. "ಬನ್ನಿ, ನಿಮ್ ಎಲೆ ಅಂಗೇ ಐತೆ" ಎಂದು ಕೈಹಿಡಿದು ಇಳಿಸಿದರು.

ಅಂದು ಎರಡನೇ ಮುದ್ದೆ ಹಾಕಿಸಿಕೊಂಡೆ. ಕೈಮಾ ಉಂಡೆ ಕೇಳಿ ಹಾಕಿಸಿಕೊಂಡೆ. ನೆಂಟರೆಲ್ಲ ಟಿಟಿ ಹತ್ತಿ ಕೂತು, "ಅಕ್ಕಾ, ಬೇಗ ಬಾರೇ, ನಿನಗೇ ಕಾಯ್ತಿರೋದು!" ಎಂದು ಕೂಗತೊಡಗಿದರು. ಎಲ್ಲರೂ ನನಗಾಗಿ ಕಾಯುವುದು ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿ ಬಂತು. ಕೂಗಲಿ ಎಂದುಕೊಂಡು ಇನ್ನೊಂದು ಬಾಳೆಹಣ್ಣು ಸುಲಿದೆ.